ಆರು ಬಿಳಿ ಹಲ್ಲು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಚನ್ನಗಿರಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಸುಮೇರಾಳ ತೋಳಿನ ಮೇಲೆ ರಕ್ತದ ಕಲೆ ಇತ್ತು. ಅದು ಅವಳ ರಕ್ತವಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಹಲ್ಲಿನ ದವಾಖಾನೆಯಲ್ಲಿ ಅವಳು ಸಹಾಯಕಿ. ಕೆಲಸಕ್ಕೆಂದು ಬಂದು ನೋಡಿದರೆ ಡಾಕ್ಟರ್ ಗುರುಬಸವರಾಜ್ ನೆಲದ ಮೇಲೆ ಬಿದ್ದಿದ್ದರು. ಉಸಿರಿತ್ತು, ಮಾತಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ, ಅವರನ್ನು ದಾವಣಗೆರೆಗೆ ಕಳಿಸಿ, ಸೀದಾ ಠಾಣೆಗೆ ಬಂದಿದ್ದಳು.

ಇನ್‌ಸ್ಪೆಕ್ಟರ್ ಓಬಳೇಶ್ ಅವಳನ್ನು ಕೂರಿಸಿ ನೀರು ಕೊಡಿಸಿದ.

"ಎಷ್ಟೊತ್ತಿಗೆ ನೋಡಿದ್ದು?"

"ಒಂಬತ್ತಕ್ಕೆ ಸಾರ್. ಅವರು ಎಂಟಕ್ಕೇ ಬಂದು ಬಾಗಿಲು ತೆಗೀತಾರೆ."

"ಒಳಗೆ ಬೇರೆ ಯಾರಾದರೂ ಇದ್ರಾ?"

"ಯಾರೂ ಇರಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ ಸಾರ್."

ಆ 'ಇಲ್ಲ' ತುಸು ಬೇಗನೇ ಬಂತು. ಓಬಳೇಶ್ ಅದನ್ನು ಗಮನಿಸಿದ. ಹೆಡ್ ಕಾನ್‌ಸ್ಟೆಬಲ್ ಚಿಕ್ಕಹನುಮಂತಪ್ಪ ದೂರು ಬರೆದುಕೊಂಡ. ಅಪರಿಚಿತರ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ ಕಲಂ 109, ಅಂದರೆ ಕೊಲೆ ಯತ್ನ, ಮತ್ತು 118(2), ಅಂದರೆ ಆಯುಧದಿಂದ ಭಾರಿ ಗಾಯ, ಇಷ್ಟು ಹಾಕಿ ಎಫ್‌ಐಆರ್ ದಾಖಲಾಯಿತು.

ಗುರುಬಸವರಾಜ್ ಊರಿಗೆ ಬೇಕಾದ ಮನುಷ್ಯ. ಆಯುಧಪೂಜೆಗೆ ಠಾಣೆಗೆ ಸಿಹಿ ಕಳಿಸುತ್ತಿದ್ದ, ಶಾಲೆಗಳಲ್ಲಿ ಹಲ್ಲುಜ್ಜುವ ಭಾಷಣ ಮಾಡುತ್ತಿದ್ದ, ಸುತ್ತಲ ತಾಲ್ಲೂಕುಗಳಲ್ಲಿ ಬ್ಯಾನರ್ ಕಟ್ಟಿಸಿ ಕ್ಯಾಂಪ್ ನಡೆಸುತ್ತಿದ್ದ. ಹತ್ತು ಗಂಟೆಯೊಳಗೆ ವರ್ತಕರ ಸಂಘದವರು ಠಾಣೆ ಮುಂದೆ ನಿಂತು, ಹಗಲಲ್ಲೇ ಡಾಕ್ಟರಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಶುರುವಿಟ್ಟುಕೊಂಡರು. ಡಿವೈಎಸ್‌ಪಿ ಫೋನ್ ಮಾಡಿ, ಬೇಗ ಒಬ್ಬನನ್ನು ಹಿಡಿಯಿರಿ ಎಂದರು. ಯಾರನ್ನು ಅಂತ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಚಿಕಿತ್ಸೆಯ ಕುರ್ಚಿ ಇದ್ದ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಎದುರಿನ ಚಹಾ ಅಂಗಡಿಯ ಖಲೀಲ್ ಮತ್ತು ಪಕ್ಕದ ಟೈಲರ್ ಪಂಚರು. ಡಾಕ್ಟರ್ ಕೂರುವ ಕಬ್ಬಿಣದ ತಿರುಗುವ ಸ್ಟೂಲು ಅಡ್ಡಬಿದ್ದಿತ್ತು, ಅದರ ಒಂದು ಕಾಲಿಗೆ ರಕ್ತ ಮೆತ್ತಿತ್ತು. ಕಪಾಟಿನಲ್ಲಿ ಸಾಲಾಗಿಟ್ಟಿದ್ದ ಪ್ಲಾಸ್ಟರ್ ಅಚ್ಚುಗಳು, ಯಾರ್‍ಯಾರದೋ ದವಡೆಗಳು, ಅರ್ಧ ಉರುಳಿ ಪುಡಿಯಾಗಿದ್ದವು. ಮೇಜಿನ ಡ್ರಾಯರ್ ಮುಟ್ಟಿರಲಿಲ್ಲ. ಕಳ್ಳತನವಲ್ಲ ಅನ್ನುವುದು ಅಲ್ಲಿಗೇ ಗೊತ್ತಾಯಿತು.

"ಕುರ್ಚಿ ಅಡಿಗೆ ಹಲ್ಲಿನ ಸೆಟ್ ಒಂದು ಬಿದ್ದೈತೆ ಸಾರ್" ಎಂದ ಚಿಕ್ಕಹನುಮಂತಪ್ಪ, ಬಾಗಿ ನೋಡುತ್ತ. "ದವಾಖಾನೆಗೆ ಸೇರಿದ್ದು ಅಂತ ಬರೀಲಾ?"

ಹಲ್ಲಿನ ದವಾಖಾನೆಯ ನೆಲದ ಮೇಲೆ ಹಲ್ಲು ಬಿದ್ದಿದ್ದರೆ ಯಾವ ಪೊಲೀಸಿನವನು ತಲೆ ಕೆಡಿಸಿಕೊಳ್ಳುತ್ತಾನೆ? ಓಬಳೇಶನೂ ಹೂಂ ಅನ್ನುವವನೇ ಇದ್ದ. ಆದರೆ ಪಕ್ಕದಲ್ಲೊಂದು ಹೂವಿನ ಕರ್ಚೀಫು, ಗಂಟು ಬಿಚ್ಚಿದ್ದು, ಬಿದ್ದಿತ್ತು. ಹೊಸ ಹಲ್ಲನ್ನು ಯಾರೂ ಕರ್ಚೀಫಿನಲ್ಲಿ ಗಂಟು ಕಟ್ಟುವುದಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅದನ್ನು ಎತ್ತಿ ಬೆಳಕಿಗೆ ಹಿಡಿದ. ಮೇಲ್ದವಡೆಯ ಮುಂದಿನ ಆರು ಹಲ್ಲು, ಒಂದಕ್ಕೊಂದು ಬೆಸೆದಿದ್ದವು, ಹಾಲಿಗಿಂತ ಬಿಳಿ. ತಿರುಗಿಸಿ ಒಳಮೈ ನೋಡಿದ. ಅಲ್ಲಿ ನಿಜವಾದ ಹಲ್ಲಿನ ಮೋಟುಗಳು ಸಿಕ್ಕಿಕೊಂಡಿದ್ದವು, ಬುಡದಲ್ಲಿ ಮುರಿದಿದ್ದವು. ಮೋಟಿನ ಅಂಚಿನಲ್ಲಿ ಉಗುರಿನಷ್ಟು ತೆಳುವಾದ ಒಂದು ಕಂದು ಪಟ್ಟೆ, ಅದರ ಪಕ್ಕ ಸುಣ್ಣದಂಥ ಒಂದು ಚುಕ್ಕೆ.

"ಗುಟ್ಕಾ ತಿನ್ನೋರದು ಸಾರ್" ಎಂದ ಚಿಕ್ಕಹನುಮಂತಪ್ಪ.

ಓಬಳೇಶ್ ಗೋಡೆಯ ಕನ್ನಡಿ ಹತ್ತಿರ ಹೋಗಿ, ಪಂಚರಿಗೆ ಬೆನ್ನು ಮಾಡಿ, ತನ್ನ ಮೇಲ್ತುಟಿ ಎತ್ತಿದ. ಅದೇ ಕಂದು. ಅದೇ ಸುಣ್ಣದ ಚುಕ್ಕೆ.

ಅವನು ಜಗಳೂರು ತಾಲ್ಲೂಕಿನವನು. ಆ ಸೀಮೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಎಳೆತನದಲ್ಲಿ ಆ ನೀರು ಕುಡಿದು ಬೆಳೆದವರ ಹಲ್ಲು ಮೂಡುವಾಗಲೇ ಬಣ್ಣ ಕಟ್ಟಿಕೊಂಡು ಬರುತ್ತದೆ. ಇದ್ದಿಲಿನಿಂದ ಉಜ್ಜು, ಪೇಸ್ಟಿನಿಂದ ಉಜ್ಜು, ಸಾಯುವ ತನಕ ಉಜ್ಜು, ಹೋಗುವುದಿಲ್ಲ. ಕಾಲೇಜಿನಲ್ಲಿ ಇವನಿಗೆ 'ತುಕ್ಕು' ಅಂತಲೇ ಹೆಸರಿತ್ತು. ಅಂದಿನಿಂದ ಫೋಟೊದಲ್ಲಿ, ಮದುವೆಯ ಫೋಟೊದಲ್ಲೂ ಸಹ, ತುಟಿ ಬಿಚ್ಚಿದವನಲ್ಲ. ಕಳೆದ ಆಯುಧಪೂಜೆಯಲ್ಲಿ ಗುರುಬಸವರಾಜ್ ಇವನ ಬಾಯನ್ನೇ ನೋಡಿ, "ಒಂದೇ ವಾರ ಸಾರ್, ಎಲ್ಲಾ ಬಿಳಿ ಮಾಡಿ ಕೊಡ್ತೀನಿ" ಎಂದಿದ್ದ. ಇವನು ಹಿಗ್ಗಿಹೋಗಿ, ಯುಗಾದಿ ಮುಗಿಯಲಿ, ಬರುತ್ತೇನೆ ಎಂದಿದ್ದ. ಯುಗಾದಿ ಇನ್ನು ಹತ್ತಿರದಲ್ಲೇ ಇತ್ತು.

ಸರ್ಕಾರಿ ಆಸ್ಪತ್ರೆಯ ದಂತವೈದ್ಯೆ ಡಾ. ಸಾಜಿದಾ ಆ ಹಲ್ಲಿನ ಸಾಲನ್ನು ಕೈಗವಸಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕೆ ಬ್ರಿಡ್ಜ್ ಅಂತಾರೆ. ಹಲ್ಲು ಬಿದ್ದ ಜಾಗ ತುಂಬೋದಕ್ಕೆ ಆ ಕಡೆ ಈ ಕಡೆ ಹಲ್ಲನ್ನ ಹದವಾಗಿ ಅರೆದು, ಅದರ ಮೇಲೆ ಕ್ಯಾಪ್ ಕೂರಿಸ್ತೀವಿ. ಮಧ್ಯದ ಸುಳ್ಳು ಹಲ್ಲು ಆ ಕ್ಯಾಪ್‌ಗಳನ್ನ ಹಿಡ್ಕೊಂಡು ನಿಲ್ಲುತ್ತೆ. ಸರಿಯಾಗಿ ಮಾಡಿದ್ರೆ ಬಹಳ ಒಳ್ಳೇ ಕೆಲಸ. ಇದರಲ್ಲಿ ಮಧ್ಯದ ಎರಡು ಸುಳ್ಳು, ಅಕ್ಕಪಕ್ಕದ ನಾಲ್ಕು ಕ್ಯಾಪ್."

"ಒಳಗೆ ಸಿಕ್ಕಿಕೊಂಡಿರೋದು?"

"ಅಸಲಿ ಹಲ್ಲು. ಪೆನ್ಸಿಲ್ ಮೊನೆ ಮಾಡಿದಂಗೆ ಅರೆದುಬಿಟ್ಟಿದಾನೆ. ಏನೋ ಗಟ್ಟಿ ಕಚ್ಚಿದಾಗ ಬುಡದಲ್ಲೇ ಮುರಿದಾವೆ. ಇದು ಓದಿದವನ ಕೆಲಸ ಅಲ್ಲ ಇನ್‌ಸ್ಪೆಕ್ಟ್ರೇ."

"ವಯಸ್ಸು ಹೇಳೋಕಾಗುತ್ತಾ?"

"ನರ ಇರೋ ತೂತು ಅಗಲ ಐತೆ ನೋಡಿ. ವಯಸ್ಸಾದಂಗೆ ಅದು ಕಿರಿದಾಗುತ್ತೆ. ಇಪ್ಪತ್ತರ ಆಸುಪಾಸು. ಹಲ್ಲಿನ ಗಾತ್ರ ನೋಡಿದ್ರೆ ಹೆಣ್ಣುಮಗಳಿರಬಹುದು." ಡಾಕ್ಟರು ಅದನ್ನು ಟ್ರೇಯಲ್ಲಿಟ್ಟು ಕೈಗವಸು ಬಿಚ್ಚಿದರು. "ಈ ಹುಡುಗಿಗೆ ಮುಂದಿನ ಹಲ್ಲು ಒಂದೂ ಉಳಿದಿಲ್ಲ. ಅವಳು ಎಲ್ಲಿದಾಳೋ, ಮೊದಲು ಅದನ್ನ ನೋಡ್ರಿ."

ಓಬಳೇಶ್ ತನ್ನ ಮೇಲ್ಹಲ್ಲಿನ ಮೇಲೆ ನಾಲಿಗೆ ಆಡಿಸಿ, ಎಲ್ಲವೂ ಇವೆ ಎಂದು ಖಾತ್ರಿ ಮಾಡಿಕೊಂಡ. ಅವತ್ತೇ ದಂತವೈದ್ಯರ ನೋಂದಣಿ ಮಂಡಳಿಗೆ ಮೇಲ್ ಕಳಿಸಿದ. ಗುರುವಾರ ಉತ್ತರ ಬಂತು: ಗುರುಬಸವರಾಜ್ ಹೆಸರಿನಲ್ಲಿ, ಬೋರ್ಡಿನ ಮೇಲೆ ಬರೆಸಿಕೊಂಡ ಆ ಸಂಖ್ಯೆಯಲ್ಲಿ, ಯಾವ ವೈದ್ಯನೂ ಇಲ್ಲ. ಯಾವುದೋ ಊರಿನ ದವಾಖಾನೆಯಲ್ಲಿ ಒಂದಷ್ಟು ವರ್ಷ ಸಾಮಾನು ತೊಳೆದುಕೊಂಡಿದ್ದವನು ಬಿಳಿ ಕೋಟು ಹಾಕಿಕೊಂಡು ಚನ್ನಗಿರಿಗೆ ಬಂದು ಡಾಕ್ಟರಾಗಿದ್ದ. ಠಾಣೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಬೋರ್ಡು ಹಾಕಿಕೊಂಡು ಕೂತಿದ್ದ. ಥೂ, ನಮ್ಮ ಕಣ್ಣಿಗಿಷ್ಟು ಅಂದುಕೊಂಡ ಓಬಳೇಶ್.

ಶುಕ್ರವಾರ ದಾವಣಗೆರೆ ಆಸ್ಪತ್ರೆಯಲ್ಲಿ ಗಾಯಾಳುವನ್ನು ನೋಡಲು ವೈದ್ಯರು ಒಪ್ಪಿಗೆ ಕೊಟ್ಟರು. ಕೆಳದವಡೆ ಎರಡು ಕಡೆ ಮುರಿದಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು. ಬಿದ್ದ ರಭಸಕ್ಕೆ ತಲೆಗೂ ಪೆಟ್ಟಾಗಿತ್ತು, ಆದರೆ ಜೀವಕ್ಕೆ ಅಪಾಯವಿರಲಿಲ್ಲ. ಮೇಲಿನ ಕೆಳಗಿನ ದವಡೆಗಳನ್ನು ತಂತಿಯಿಂದ ಬಿಗಿದಿದ್ದರಿಂದ ಮಾತಾಡುವ ಹಾಗಿರಲಿಲ್ಲ. ಓಬಳೇಶ್ ಕಾಗದ, ಪೆನ್ನು ಕೊಟ್ಟ.

"ಯಾರು ಹೊಡೆದದ್ದು?"

ಗುರುಬಸವರಾಜ್ ಬರೆದ: ಕಳ್ಳರು. ಮುಖ ನೋಡಿಲ್ಲ.

ಓಬಳೇಶ್ ಪ್ಲಾಸ್ಟಿಕ್ ಚೀಲದಲ್ಲಿದ್ದ ಬ್ರಿಡ್ಜನ್ನು ಅವನ ಕಣ್ಣಿನ ಮುಂದೆ ಹಿಡಿದ. "ಕಳ್ಳ ಬಂದು ಹಲ್ಲು ಬಿಟ್ಟು ಹೋಗ್ತಾನೇನ್ರೀ?"

ಅವನು ಗೋಡೆ ಕಡೆ ತಿರುಗಿದ. ಹೊಡೆದವರ ಹೆಸರು ಹೇಳಿದರೆ ಯಾಕೆ ಹೊಡೆದರು ಅನ್ನುವುದೂ ಹೊರಗೆ ಬರುತ್ತದೆ, ಅದು ಬಂದರೆ ಬೋರ್ಡು ಹೋಗುತ್ತದೆ. ಮತ್ತೆ ಪೆನ್ನು ಮುಟ್ಟಲಿಲ್ಲ.

ಮುಂದಿನ ದಾರಿ ಹೊನ್ನಾಳಿ. ದವಾಖಾನೆಯಲ್ಲಿ ಉಳಿದಿದ್ದ ಹಲ್ಲಿನ ಪೆಟ್ಟಿಗೆಗಳ ಮೇಲೆಲ್ಲ ಒಂದೇ ಲ್ಯಾಬಿನ ಚೀಟಿ ಇತ್ತು. ಹೊನ್ನಾಳಿಯ ಹೊಳೆ ಕಡೆಗೆ ಇಳಿಯುವ ಬೀದಿಯಲ್ಲಿ ಇಸ್ರಾರ್ ಎಂಬವನು ಒಂದೇ ಕೋಣೆಯಲ್ಲಿ ಕೂತು ಸುತ್ತಲ ದವಾಖಾನೆಗಳಿಗೆ ಹಲ್ಲು ಮಾಡಿಕೊಡುತ್ತಿದ್ದ. ಪೊಲೀಸರನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಇದು ನಿಂದಾ?"

"ನನ್ನ ಕೈದೇ ಸಾರ್."

"ಯಾರ ಹಲ್ಲು?"

"ನನಗೆ ಹೆಂಗೆ ಗೊತ್ತಾಗುತ್ತೆ ಸಾರ್? ಡಬ್ಬಿಲಿ ಅಚ್ಚು ಬಸ್ಸಿಗೆ ಹಾಕಿ ಕಳಿಸ್ತಾರೆ, ನಾನು ಹಲ್ಲು ಮಾಡಿ ಬಸ್ಸಿಗೇ ಹಾಕ್ತೀನಿ. ನನ್ನ ಹತ್ರ ಬರೋದು ಅಚ್ಚು. ಬಾಯಿ ಬರಲ್ಲ."

"ಸುಳ್ಳು ಹೇಳಬೇಡ. ಇಷ್ಟು ಬಿಳಿ ಹಲ್ಲು ದಿನಾ ಮಾಡ್ತೀಯಾ?"

ಇಸ್ರಾರ್ ಕತ್ತು ಕೆರೆದುಕೊಂಡ. "ಇಲ್ಲ ಸಾರ್. ಅದಕ್ಕೇ ನೆನಪೈತೆ. ಅರೆದಿದ್ದು ಜಾಸ್ತಿ ಆಗೈತೆ, ಈ ಹಲ್ಲು ತಡೆಯಲ್ಲ ಅಂತ ಫೋನ್ ಮಾಡಿದ್ದೆ. 'ಜಗಳೂರು ಕ್ಯಾಂಪಿನ ಕೇಸು, ಮದುವೆ ಹುಡುಗಿ, ಸವಳಂಗಕ್ಕೆ ಕೊಡ್ತಾರೆ, ದಿನ ಹತ್ರ ಐತೆ, ಬಾಯಿ ಮುಚ್ಕೊಂಡು ಮಾಡು' ಅಂದ್ರು."

"ಮಾಡಿದೆ."

"ಮಾಡಿದೆ ಸಾರ್" ಎಂದ ಇಸ್ರಾರ್, ತಲೆ ತಗ್ಗಿಸಿ. ಅವನ ಹೇಳಿಕೆ ಬರೆದುಕೊಂಡು ಹೊರಟರು.

ಸವಳಂಗ ನ್ಯಾಮತಿ ತಾಲ್ಲೂಕಿನ ಊರು. ಜಗಳೂರಿನಿಂದ ಸೊಸೆ ತಂದುಕೊಂಡ ಮನೆ ಯಾವುದು ಎಂದು ಬಸ್ ನಿಲ್ದಾಣದಲ್ಲಿ ಕೇಳಿದ್ದಷ್ಟೇ, ಮೂರು ಜನ ಒಟ್ಟಿಗೇ ಕೈ ತೋರಿಸಿದರು. ಅವರಲ್ಲೊಬ್ಬ ನಕ್ಕ. ಆ ನಗು ಕಂಡು ಓಬಳೇಶನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಅತ್ತೆ ಪ್ರೇಮಮ್ಮ ಗಟ್ಟಿ ಹೆಂಗಸು. ಪೊಲೀಸರನ್ನು ಜಗುಲಿಯ ಮೇಲೆ ಕೂರಿಸಿ, ತಾನು ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು. ಬ್ರಿಡ್ಜನ್ನು ನೋಡಿ, "ಅಯ್ಯೋ, ಇದು ನಿಮ್ಮ ಕೈಗೆ ಹೆಂಗೆ ಬಂತು?" ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರದಮ್ಮ ಇದು?"

"ಪುಷ್ಪಂದು. ನನ್ನ ಮಗನ ಹೆಂಡ್ತಿ. ಆಗಿದ್ದೋಳು ಅನ್ರಿ."

"ಏನಾಯ್ತು?"

"ಏನಾಗಬೇಕು? ನೆಂಟರೆಲ್ಲ ಉಣ್ಣಾಕೆ ಕೂತಿದ್ರು. ಕೋಡುಬಳೆ ಕಚ್ಚಿದ್ಲು ನೋಡ್ರಿ, ಆರಕ್ಕಾರೂ ಉದುರಿ ಎಲೆ ಮೇಲೆ ಬಿದ್ವು. ಬಾಯಿ ತುಂಬ ರಕ್ತ. ಹುಡುಗ್ರು ಕಿರುಚಿಕೊಂಡು ಎದ್ದು ಓಡಿದ್ವು. ನಮ್ಮ ಮಾನ ಮೂರು ಕಾಸಿಗೆ ಹೋಯ್ತು."

"ಮದುವೆಗೆ ಮೊದಲು ಹೇಳಿರಲಿಲ್ವಾ?"

"ಹೇಳಿದ್ರೆ ಮಾಡ್ಕಂತಿದ್ವಾ? ಹಲ್ಲಿಲ್ಲದೋಳನ್ನ ತಂದು ಕಟ್ಟಿದ್ರು. ಏನು ರೋಗಾನೋ, ಏನು ಕತೆನೋ, ನಾಳೆ ಹುಟ್ಟೋ ಮಕ್ಕಳಿಗೂ ಬಂದ್ರೆ? ಅವರವ್ವ ಬಂದು ಕಾಲು ಹಿಡಕಂಡ್ಲು. ಹಲ್ಲು ಇದ್ವು, ಗಟ್ಟಿಯಾಗಿದ್ವು, ಡಾಕ್ಟ್ರೇ ಕಿತ್ತಾನೆ ಅಂದ್ಲು. ನಮ್ಮ ಹಿರೇರು ಒಂದೇ ಮಾತು ಹೇಳಿದ್ರು. ಆ ಡಾಕ್ಟ್ರು ಇಲ್ಲಿಗೆ ಬರಲಿ, ನಾಲ್ಕು ಜನದ ಮುಂದೆ ತನ್ನ ಬಾಯಾರೆ ಹೇಳಲಿ, ಹುಡುಗಿಗೆ ರೋಗ ಇಲ್ಲ, ನಾನೇ ಮಾಡಿದ್ದು ಅಂತ. ಅಂದ್ರೆ ಕರ್ಕಂತೀವಿ. ಅನ್ಯಾಯದ ಮಾತೇನಲ್ವಲ್ಲ?"

"ಬಂದನಾ?"

"ಎಲ್ಲಿ ಬಂದ? ಇಲ್ಲದ್ದನ್ನ ಹೆಂಗೆ ಹೇಳ್ತಾನೆ?"

ಒಳಗೆ ಗಂಡಸಿನ ಕೆಮ್ಮು ಕೇಳಿಸಿತು. ಮಗ ಮನೆಯಲ್ಲೇ ಇದ್ದ, ಹೊರಗೆ ಬರಲಿಲ್ಲ.

ಬೇಗ ಬಂದಿದ್ದ ಆ 'ಇಲ್ಲ' ನೆನಪಾಗಿ, ಜೀಪಿನ ಪಕ್ಕ ನಿಂತು ಓಬಳೇಶ್ ಸುಮೇರಾಳಿಗೆ ಫೋನ್ ಹಚ್ಚಿದ. "ಹಿಂದಿನ ದಿನ, ಸೋಮವಾರ, ಆ ಮದುವೆ ಹುಡುಗಿ ಕಡೆಯೋರು ಯಾರಾದ್ರೂ ದವಾಖಾನೆಗೆ ಬಂದಿದ್ರಾ ಸುಮೇರಾ?"

"ಜಗಳೂರು ಕಡೆ ಅಮ್ಮ ಬಂದಿದ್ರು ಸಾರ್. ಬೆಳಿಗ್ಗೆಯಿಂದ ಬಾಗಿಲು ಹಾಕೋವರೆಗೂ ಕೂತಿದ್ರು. ಕೈಯಲ್ಲಿ ಕರ್ಚೀಫಿನ ಗಂಟು. ಡಾಕ್ಟ್ರು ಒಳಗೇ ಬಿಡಲಿಲ್ಲ."

"ಅವತ್ತೇ ಯಾಕೆ ಹೇಳಲಿಲ್ಲ?"

"ಆ ಹುಡುಗಿ ಹಲ್ಲು ಅರೆಯುವಾಗ ತಲೆ ಅಲ್ಲಾಡದಂಗೆ ಹಿಡ್ಕೊಂಡಿದ್ದು ನಾನೇ ಸಾರ್. ಮತ್ತೆ ಅವರವ್ವನ್ನೂ ನಾನೇ ಹಿಡಿದುಕೊಡೋದಾ?" ಎಂದು ಅತ್ತುಬಿಟ್ಟಳು.

ಶನಿವಾರ ಬೆಳಿಗ್ಗೆ ಜಗಳೂರು ಠಾಣೆಗೆ ಮಾಹಿತಿ ಕೊಟ್ಟು, ಮಹಿಳಾ ಕಾನ್‌ಸ್ಟೆಬಲ್ ಶಂಕ್ರಮ್ಮಳನ್ನೂ ಚಿಕ್ಕಹನುಮಂತಪ್ಪನನ್ನೂ ಕರೆದುಕೊಂಡು ಓಬಳೇಶ್ ಪುಷ್ಪಳ ತವರಿನ ಹಟ್ಟಿಗೆ ಹೋದ. ಅವನು ಹುಟ್ಟಿದ ಊರಿಗೆ ಅಲ್ಲಿಂದ ಐದಾರು ಮೈಲಿ. ಹಟ್ಟಿ ಬಾಗಿಲಲ್ಲೇ ಶುದ್ಧ ನೀರಿನ ಘಟಕ ಇತ್ತು, ಕೆಟ್ಟು ನಿಂತಿತ್ತು. ಹೆಂಗಸರು ಬೋರಿನ ನಲ್ಲಿಗೇ ಕೊಡ ಹಿಡಿದಿದ್ದರು. ಜೀಪ್ ನೋಡಿ ಓಡಿಬಂದ ಮಕ್ಕಳು ಬಾಯಿ ತುಂಬ ನಕ್ಕವು. ಒಂದೊಂದರ ಬಾಯಲ್ಲೂ ಅದೇ ಕಂದು.

ಮನೆ ಮುಂದಿನ ಕಟ್ಟೆಯ ಮೇಲೆ ಪುಷ್ಪಳ ಅಪ್ಪ ಜಂಪಣ್ಣ ಕೂತಿದ್ದ. ಖಾಕಿ ಕಂಡು ಎದ್ದು ನಿಂತ. ಒಳಗಿನಿಂದ ಅವ್ವ ಗಾದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತು ದಾಟದ, ಬಿಸಿಲಿಗೆ ಒಣಗಿದ ಹೆಂಗಸು.

"ಬರ್‍ರಿ ಸ್ವಾಮಿ. ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ದಿನ ಯಾಕಾಯ್ತು?"

"ನೀವೇನಾ ಹೊಡೆದಿದ್ದು?"

"ನಾನೇ." ಅವಳು ಓಬಳೇಶನ ಬಾಯನ್ನೇ ನೋಡಿದಳು. "ನೀವೂ ನಮ್ಮ ಕಡೇರೇ ಅಲ್ವಾ? ಹಲ್ಲು ನೋಡಿದ್ರೆ ತಿಳೀತದೆ."

ಅವನು ಅಭ್ಯಾಸಬಲದಿಂದ ತುಟಿ ಮುಚ್ಚಿಕೊಂಡ. "ಏನಾಯ್ತು, ಎಲ್ಲಾ ಹೇಳ್ರಿ."

ಅವಳು ಹೇಳಿದಳು, ಶಂಕ್ರಮ್ಮ ಬರೆದುಕೊಂಡಳು. ಪುಷ್ಪಳನ್ನು ನೋಡಲು ಬಂದ ಎರಡು ಗಂಡುಗಳ ಮನೆಯವರು, ಹುಡುಗಿ ಚೆಂದ, ಬಾಯಿ ಬಿಟ್ರೆ ಅಸಹ್ಯ ಎಂದು ಎದ್ದು ಹೋಗಿದ್ದರು. ಆಗಲೇ ಜಗಳೂರಿನಲ್ಲಿ ಕ್ಯಾಂಪಿನ ಬ್ಯಾನರ್ ಬಿತ್ತು: ಕಂದು ಹಲ್ಲಿಗೆ ಶಾಶ್ವತ ಪರಿಹಾರ. ಗಾದ್ರಮ್ಮ ಮಗಳನ್ನು ಎಳೆದುಕೊಂಡು ಹೋದಳು. ಬಹಳ ಕಂದಾಗಿದ್ದ ಮುಂದಿನ ಎರಡನ್ನು ಗುರುಬಸವರಾಜ್ ಅಲ್ಲೇ ಕಿತ್ತ, ಉಳಿದ ನಾಲ್ಕನ್ನು ಚನ್ನಗಿರಿಗೆ ಕರೆಸಿಕೊಂಡು ಅರೆದ.

"ಅವಳು ಬ್ಯಾಡ ಅಂದ್ಲು ಸ್ವಾಮಿ. ಕುರ್ಚಿ ಮೇಲೆ ಕೂತು ನನ್ನ ಕೈ ಹಿಡಕಂಡು ಬ್ಯಾಡವ್ವಾ ಅಂದ್ಲು. ನಾನೇ ಬೈದು ಕೂರಿಸಿದ್ದು. ಬೆಳ್ಳಗಾದ್ರೆ ನಿನ್ನ ಬಾಳು ನೆಟ್ಟಗಾಗ್ತದೆ ಅಂದೆ."

"ಡಾಕ್ಟರ ಹತ್ರ ಏನು ಕೇಳೋಕೆ ಹೋಗಿದ್ರಿ?"

"ಏನೂ ಬೇಕಿರಲಿಲ್ಲ. ಒಂದು ಸಲ ಸವಳಂಗಕ್ಕೆ ಬಾ, ಹಿರೇರ ಮುಂದೆ ಒಂದು ಮಾತು ಹೇಳು ಅಂತ. ಎಷ್ಟು ಸಲ ಹೋದ್ನೋ ಲೆಕ್ಕ ಇಲ್ಲ. ಅವತ್ತು ಸೋಮವಾರ ಇಡೀ ದಿನ ಕೂತೆ. ರಾತ್ರಿ ಬಸ್ ಸ್ಟ್ಯಾಂಡಾಗೆ ಮಲಗಿ, ಬೆಳಿಗ್ಗೆ ಅವನು ಬಾಗಿಲು ತೆಗೆದಿದ್ದೇ ಒಳಗೆ ನುಗ್ಗಿದೆ. ಗಂಟು ಬಿಚ್ಚಿ ಹಲ್ಲು ಕೈಯಾಗಿಟ್ಟೆ. 'ನಿನ್ನ ಮಗಳನ್ನ ನಾನು ನೋಡೇ ಇಲ್ಲ. ನಿಮ್ಮ ಊರೋರ ಹಲ್ಲು ಹುಟ್ಟುತ್ಲೇ ಕೊಳೆತಿರ್ತಾವೆ' ಅಂತ ಕೆಳಗೆ ಬಿಸಾಕಿದ. ಸ್ಟೂಲು ಹೆಂಗೆ ಕೈಗೆ ಬಂತೋ ಗೊತ್ತಿಲ್ಲ. ಸುಳ್ಳು ಹೇಳೋ ಬಾಯಿ ಅಂತ ಬಾಯಿಗೇ ಹೊಡೆದೆ."

"ಹೊಡೆಯೋ ಬದಲು ಪೊಲೀಸರ ಹತ್ರ ಬರಬಹುದಿತ್ತಲ್ಲಮ್ಮ."

ಗಾದ್ರಮ್ಮ ಅವನನ್ನು ನೋಡಿದಳು, ಆಮೇಲೆ ಅವನ ಹಿಂದೆ ನಿಂತಿದ್ದ ಚಿಕ್ಕಹನುಮಂತಪ್ಪನನ್ನು. "ಬಂದಿದ್ದೆ. ಈ ಅಪ್ಪನೇ ಇದ್ದ. 'ಹಲ್ಲಿಗೆಲ್ಲ ಎಫ್‌ಐಆರ್ ಮಾಡಾಕೆ ಬರಲ್ಲಮ್ಮ, ಹೋಗು' ಅಂದ. ಒಳಗಿನ ಕೋಣೆಯಿಂದ ಯಾರೋ ಏನದು ಅಂತ ಕೇಳಿದ್ರು. 'ಹಲ್ಲು ಕಳ್ಕಂಡಾರಂತೆ ಸಾರ್' ಅಂದ ಈ ಅಪ್ಪ. ಒಳಗಿದ್ದೋರು ನಕ್ರು."

ಚಿಕ್ಕಹನುಮಂತಪ್ಪ ನೆಲ ನೋಡಿದ. ಓಬಳೇಶನಿಗೆ ಆ ದಿನ ನೆನಪಾಯಿತು. ಬಾಗಿಲ ಪರದೆಯ ಕೆಳಗೆ ಹೆಂಗಸಿನ ಧೂಳುಗಾಲು ಕಂಡಿತ್ತು. ಅವನು ನಕ್ಕಿದ್ದ, ಎಂದಿನಂತೆ ತುಟಿ ಮುಚ್ಚಿಕೊಂಡೇ. ಅವನು ಅರೆಸ್ಟ್ ಮೆಮೊ ತೆಗೆದ.

ಕಾನೂನು ಓದಿದ ಯಾರಿಗಾದರೂ ಗೊತ್ತು. ಮೂಳೆ ಮುರಿದರೆ, ಹಲ್ಲು ಮುರಿದರೆ, ಅದು ಭಾರಿ ಗಾಯ. ಗುರುಬಸವರಾಜನ ಎರಡು ಹಲ್ಲಿಗೆ ಎಫ್‌ಐಆರ್ ಆಗಲು ಅರ್ಧ ಗಂಟೆ ಹಿಡಿದಿತ್ತು. ಪುಷ್ಪಳ ಆರು ಹಲ್ಲು ಠಾಣೆಯ ಹೊಸ್ತಿಲನ್ನೂ ದಾಟಿರಲಿಲ್ಲ.

"ಇನ್ನೊಂದು ಕೇಸು ಆಗ್ತದೆ" ಎಂದ ಓಬಳೇಶ್. "ಆ ಗುರುಬಸವರಾಜ್ ಮೇಲೆ. ನಕಲಿ ವೈದ್ಯ, ಮೋಸ, ಭಾರಿ ಗಾಯ, ಎಲ್ಲಾ ಹಾಕ್ತೀನಿ. ಪುಷ್ಪಾನ ಹೇಳಿಕೆ ಬೇಕು."

ಪುಷ್ಪ ಒಳಗಿನಿಂದ ಬಂದಳು. ದುಪಟ್ಟಾದಿಂದ ಮೂಗಿನ ಕೆಳಗೆ ಮುಚ್ಚಿಕೊಂಡಿದ್ದಳು. ದೇವರ ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದು ಶಂಕ್ರಮ್ಮನ ಕೈಗೆ ಕೊಟ್ಟಳು. ಕ್ಯಾಂಪಿನಲ್ಲಿ ಕಿತ್ತ ಎರಡು ಹಲ್ಲು. ಅವ್ವ ಅವನ್ನು ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದಳು. ಎರಡೂ ಉದ್ದ ಬೇರಿನವು, ಎಲ್ಲೂ ಹುಳುಕಿಲ್ಲ, ಕಂದು ಪಟ್ಟೆಯೊಂದು ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿ. ಪಂಚರ ಸಮಕ್ಷಮ ಅವನ್ನು ವಶಪಡಿಸಿಕೊಂಡು ಮೊಹರು ಮಾಡಿದರು.

"ಏನಾದ್ರೂ ಹೇಳೋದೈತಾ ತಾಯಿ?" ಎಂದಳು ಶಂಕ್ರಮ್ಮ.

ಪುಷ್ಪಳ ಮಾತಿನಲ್ಲಿ ಗಾಳಿಯೇ ಹೆಚ್ಚಿತ್ತು, ಒಂದೊಂದು ಶಬ್ದವನ್ನೂ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. "ನನ್ನ ಹಲ್ಲು ನಂಗೆ ಚೆನ್ನಾಗೇ ಇದ್ವು ಅಕ್ಕ. ಕಬ್ಬು ಸಿಗೀತಿದ್ದೆ." ಅಷ್ಟು ಹೇಳಿ ಅವ್ವನ ಬೆನ್ನ ಹಿಂದೆ ನಿಂತಳು.

ಹೊರಗೆ ಬಂದು ಓಬಳೇಶ್ ಪ್ರೇಮಮ್ಮನಿಗೆ ಫೋನ್ ಮಾಡಿದ. ತನಿಖಾಧಿಕಾರಿ ಹೀಗೆಲ್ಲ ಮಾಡುವ ಹಾಗಿಲ್ಲ, ಅದು ಅವನಿಗೆ ಗೊತ್ತಿತ್ತು. ನಾನು ಇನ್‌ಸ್ಪೆಕ್ಟರ್, ನಾನೇ ಹೇಳುತ್ತಿದ್ದೇನೆ, ಹುಡುಗಿಗೆ ಯಾವ ರೋಗವೂ ಇಲ್ಲ, ಸರ್ಕಾರಿ ಡಾಕ್ಟರ ಕೈಲಿ ಬರೆಸಿಕೊಡುತ್ತೇನೆ, ಬೇಕಿದ್ದರೆ ನಿಮ್ಮ ಹಿರಿಯರ ಮುಂದೆ ಬಂದು ನಿಲ್ಲುತ್ತೇನೆ ಎಂದ. ಆ ಕಡೆ ಪ್ರೇಮಮ್ಮ ಪೂರ್ತಿ ಕೇಳಿಸಿಕೊಂಡಳು.

"ಹಲ್ಲಿನ ಮಾತು ಈಗ ಯಾಕೆ ಬಿಡ್ರಿ ಸಾಹೇಬ್ರೇ. ಅವರವ್ವನ್ನ ಜೈಲಿಗೆ ಕರ್ಕಂಡು ಹೋಗ್ತಿದೀರಂತೆ. ಜೈಲಿಗೆ ಹೋದೋರ ಮನೆ ಹೆಣ್ಣು ನಮಗೆ ಬ್ಯಾಡ" ಎಂದು ಫೋನ್ ಇಟ್ಟಳು.

ಮಧ್ಯಾಹ್ನ ಎರಡೂವರೆಗೆ ಗಾದ್ರಮ್ಮನ ದಸ್ತಗಿರಿಯಾಯಿತು. ಕಾರಣ ತಿಳಿಸಿದ್ದಕ್ಕೆ ಗುರುತಾಗಿ ಜಂಪಣ್ಣ ಹೆಬ್ಬೆಟ್ಟು ಒತ್ತಿ, ಇಂಕು ಒರೆಸಿಕೊಳ್ಳುವುದನ್ನು ಮರೆತು ಹಾಗೇ ನಿಂತ. ಚಿಕ್ಕಹನುಮಂತಪ್ಪ ಜೀಪಿನ ಬಾಗಿಲು ತೆಗೆದು ಹಿಡಿದ, ಅವಳ ಕಣ್ಣು ತಪ್ಪಿಸಿ. ಆರೋಪಿಗೆ ಹಣದ ಆಸೆಯಾಗಲಿ ಹಳೆಯ ದ್ವೇಷವಾಗಲಿ ಇರಲಿಲ್ಲ, ಮಗಳ ಸಂಸಾರ ಉಳಿಸುವ ಒಂದು ಮಾತಿಗಾಗಿ ಅಲೆದು, ಅದು ಸಿಗದೆ ಈ ಕೃತ್ಯ ಎಸಗಿದ್ದಾಳೆ ಎಂದು ಓಬಳೇಶ್ ಕೇಸ್ ಡೈರಿಯಲ್ಲಿ ಬರೆದ. ಮೊದಲು ಠಾಣೆಗೆ ಬಂದಿದ್ದಳು, ದೂರು ಸ್ವೀಕರಿಸಿರಲಿಲ್ಲ ಅನ್ನುವುದನ್ನೂ ಬರೆದ. ಯಾರು ನಕ್ಕರು ಅನ್ನುವುದಕ್ಕೆ ಡೈರಿಯಲ್ಲಿ ಕಲಂ ಇರಲಿಲ್ಲ.

ಜೀಪು ಹಟ್ಟಿ ದಾಟಿ ಡಾಂಬರು ರಸ್ತೆಗೆ ಬಂದಾಗ ಗಾದ್ರಮ್ಮ ಮುಂದಕ್ಕೆ ಬಾಗಿ ಕೇಳಿದಳು.

"ಸ್ವಾಮಿ, ಅವನ ದವಡೆ ಕೂಡ್ತದಾ?"

"ಕೂಡ್ತದೆ. ತಂತಿ ಹಾಕಿದಾರೆ. ತಿಂಗಳೊಪ್ಪತ್ತು ಮಾತಾಡೋ ಹಂಗಿಲ್ಲ."

ಅವಳು ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕೈಗೆ ಬೆಂಕಿ ಹಾಕ. ತಲೆಗೋ ಕಾಲಿಗೋ ಹೊಡೀಬಾರದಿತ್ತಾ? ನನ್ನ ಮಗಳ ಸಲುವಾಗಿ ಮಾತಾಡಬೇಕಾಗಿದ್ದ ಬಾಯಿನೇ ಮುರಿದುಬಿಟ್ನಲ್ಲೋ." ಶಂಕ್ರಮ್ಮ ಅವಳ ಕೈ ಹಿಡಿದುಕೊಂಡಳು. ಗಾದ್ರಮ್ಮ ಮತ್ತೆ ಕೇಳಿದಳು. "ವಾಸಿಯಾದ ಮೇಲೆ ಬರ್ತಾನಾ ಸ್ವಾಮಿ? ನೀವು ಕೇಸು ಹಾಕಿದ ಮೇಲೆ ಹೆದರಿಕೊಂಡಾದ್ರೂ ಸವಳಂಗಕ್ಕೆ ಬಂದು ಹೇಳ್ತಾನಲ್ವಾ? ಹೇಳಿದ್ರೆ ಅವರು ಕರ್ಕಂತಾರೆ. ಮಾತು ಕೊಟ್ಟಾರೆ."

ಓಬಳೇಶನ ಜೇಬಿನಲ್ಲಿ ಫೋನ್ ಇನ್ನೂ ಬೆಚ್ಚಗಿತ್ತು. ಅವನು ಹಿಂದೆ ತಿರುಗಿ ನೋಡಲಿಲ್ಲ.

"ಬರ್ತಾನಮ್ಮ" ಎಂದ.